ಕುರ್ಚಿಕೆರೆಯ ಸವಾಲು

ಈ ಕೆಳಗೆ ಬರೆದದ್ದರಲ್ಲಿ ಒಂದಕ್ಷರ ಸುಳ್ಳಿದ್ದರೆ ಮುಗಳಿಕೊಪ್ಪದ ಕೆರೆಯ ನೀರು ಗಂಟಲಿಗೆ ಇಳಿಯದಿರಲಿ, ಆ ನೀರುಂಡ ಹೊಲದ ರೊಟ್ಟಿ ಹೊಟ್ಟೆಗೆ ದಕ್ಕದಿರಲಿ. ಇದಕ್ಕಿಂತ ದೊಡ್ಡ ಆಣೆ ಆ ಸೀಮೆಯಲ್ಲಿ ಇಲ್ಲ. ಹಾಗಾಗಿ ಓದುವವರು ಹುಬ್ಬು ಏರಿಸದೆ, ನಡುನಡುವೆ ಕೆಮ್ಮದೆ ಓದಬೇಕು.

ಮುಗಳಿಕೊಪ್ಪದ ಬಸ್ ನಿಲ್ದಾಣದಲ್ಲಿ ಇಳಿದು ಬಡಗಣ ದಿಕ್ಕಿಗೆ ನಡೆದರೆ ಊರು ಮುಗಿಯುವಲ್ಲಿ ಕೆರೆಯ ಏರಿ ಎದುರಾಗುತ್ತದೆ. ಏರಿಯ ಬುಡದಲ್ಲಿ ಇಲಾಖೆಯವರ ನೀಲಿ ಫಲಕ. ಅದರ ಮೇಲೆ ‘ಥಾರ್ನ್‌ಬಿ ಜಲಾಶಯ’ ಎಂದು ಬರೆದಿದೆ. ಆ ಹೆಸರು ಹೇಳಿ ದಾರಿ ಕೇಳಿದರೆ ಆಟೋದವನು ನಿಮ್ಮನ್ನು ಬೇರೆ ತಾಲೂಕಿಗೆ ಕರೆದೊಯ್ದಾನು. ‘ಕುರ್ಚಿಕೆರೆ’ ಎಂದರೆ ತೊಟ್ಟಿಲ ಕೂಸೂ ಕೈ ಮಾಡಿ ತೋರಿಸುತ್ತದೆ. ಏರಿಯ ನಡುಮಧ್ಯದಲ್ಲಿ ನೀರಿಗೆ ಮುಖ ಮಾಡಿ ಒಂದು ಬೀಡುಕಬ್ಬಿಣದ ಕುರ್ಚಿ ನಿಂತಿದೆ. ಬೆನ್ನಿಗೆ ದ್ರಾಕ್ಷಿಬಳ್ಳಿಯ ಎರಕ, ಕೈಗಳಿಗೆ ಸಿಂಹದ ಮೂತಿ, ಒಂದು ಕಾಲು ಮಣ್ಣಿನೊಳಗೆ ಹೂತಿದೆ. ನೂರೈವತ್ತು ಮಳೆಗಾಲ ಕಂಡರೂ ತುಕ್ಕು ಹಿಡಿದಿಲ್ಲ. ಅದನ್ನು ಮುಟ್ಟಲು ತುಕ್ಕಿಗೂ ಧೈರ್ಯ ಸಾಲದು ಎನ್ನುತ್ತಾರೆ. ಕೂರುವ ಜಾಗದ ತುಂಬ ಮಣ್ಣು, ಮಣ್ಣಿನ ಮೇಲೆ ಹಸಿರು ಗರಿಕೆ. ಕುರ್ಚಿಗಾಗಿ ಬಡಿದಾಡುವ ಊರುಗಳು ಈ ದೇಶದಲ್ಲಿ ಸಾವಿರಾರು ಇದ್ದಾವು. ಕುರ್ಚಿ ಎದುರಿಗೇ ಖಾಲಿ ಇದ್ದರೂ ಒಬ್ಬನೂ ಕೂರದ ಊರು ಭೂಮಂಡಲದಲ್ಲಿ ಇದೊಂದೇ.

ಹಿಂದೆ ಒಮ್ಮೆ, ಕಂಪನಿಯ ಕಾಲ ಮುಗಿದು ರಾಣಿಯ ಕಾಲ ಶುರುವಾಗಿದ್ದಾಗ, ಈ ಕೆರೆಗೆ ಹೆಸರೇ ಇರಲಿಲ್ಲ. ಊರಿಗೆ ಇದ್ದದ್ದು ಒಂದೇ ಕೆರೆ, ಅದಕ್ಕೆ ಹೆಸರು ಯಾಕೆ? ಒಂದು ಮಳೆಗಾಲ ಏರಿ ಒಡೆಯಿತು. ಕಾಮಗಾರಿ ನೋಡುವ ಥಾರ್ನ್‌ಬಿ ಸಾಹೇಬ ಕುದುರೆ ಏರಿ ಬಂದ, ಜೊತೆಗೆ ಟಿಪ್ಸಿ ಎಂಬ ಅವನ ನಾಯಿ ಬಂತು. ಮನೆಗೊಬ್ಬರು ಬಿಟ್ಟಿ ಬಂದು ಮಣ್ಣು ಹೊರಬೇಕು, ಕೂಲಿ ಇಲ್ಲ, ಕುಂಟುನೆಪ ಇಲ್ಲ ಎಂದು ಡಂಗುರವಾಯಿತು. ಹೊಳೆಯಾಚೆಯ ಹಳ್ಳಿಗಳಿಂದಲೂ ಜನರನ್ನು ಹಿಡಿದು ತಂದರು. ಹಾಗೆ ಬುಟ್ಟಿ ಹೊತ್ತವರಲ್ಲಿ ಬಾಳಗೊಂಡಪ್ಪನೂ ಒಬ್ಬ. ಈತ ಸಾಮಾನ್ಯ ಆಸಾಮಿಯಲ್ಲ, ಹರದೇಶಿ ಮೇಳದ ಮುಂದಾಳು. ಗಂಡು ಹೆಚ್ಚೆಂದು ಹಾಡುವವರು ಹರದೇಶಿಯವರು, ಹೆಣ್ಣು ಹೆಚ್ಚೆಂದು ಹಾಡುವವರು ನಾಗೇಶಿಯವರು. ಎರಡೂ ಮೇಳ ಎದುರುಬದುರು ಕಂಬಳಿ ಹಾಸಿ ಕೂತು, ಪದ ಕಟ್ಟಿ ಸವಾಲು ಹಾಕುತ್ತಾ ಬೆಳಗು ಮಾಡುವುದು ಆ ಕಡೆಯ ಪದ್ಧತಿ. ಬಾಳಗೊಂಡಪ್ಪ ಡಪ್ಪಿಗೆ ಒಂದು ಪೆಟ್ಟು ಹಾಕಿದರೆ ಕೆರೆಯ ಮೀನು ನೆಗೆದು ದಂಡೆಗೆ ಬೀಳುತ್ತಿದ್ದವು, ಪಕ್ಕದೂರಿನ ಕೋಳಿಗಳು ದಿನ ತುಂಬುವ ಮೊದಲೇ ಮೊಟ್ಟೆ ಇಡುತ್ತಿದ್ದವು. ಅವನು ಯಾವ ಸವಾಲಿಗೂ ಸೋತು ಎದ್ದವನಲ್ಲ.

ಮಣ್ಣು ಹೊರುವ ಸಾಲಿನಲ್ಲಿ ಅವನ ಹಿಂದೆ ನಿಲ್ಲುತ್ತಿದ್ದವಳು ಹೊಳೆಯಾಚೆಯ ಸಂಕವ್ವ. ನಡುವಯಸ್ಸಿನ ಗಟ್ಟಿ ಹೆಂಗಸು, ಬಾಯಿ ಅದಕ್ಕಿಂತ ಗಟ್ಟಿ. “ಡಪ್ಪು ಹೊಡಿಯೋ ಕೈಗೆ ಬುಟ್ಟಿ ಎಲ್ಲಿ ಒಗ್ಗಬೇಕೋ ಯಪ್ಪಾ! ಮಣ್ಣು ಹೊರಾಕತ್ತಿಯೋ, ಕೂಸಿನ ಎತ್ತಿಕೊಂಡು ಆಡಸಾಕತ್ತಿಯೋ?” ಎಂದು ಛೇಡಿಸುವಳು. ಮಧ್ಯಾಹ್ನ ತನ್ನ ರೊಟ್ಟಿ ಮುರಿದು ಅರ್ಧಕ್ಕೆ ಅಗಸಿ ಚಟ್ನಿ ಸವರಿ ಅವನ ಕೈಗೆ ತುರುಕುವಳು. ಒಂದು ಸಂಜೆ ಹಸಿ ಏರಿ ಸದ್ದಿಲ್ಲದೆ ಜಾರಿತು. ಸಂಕವ್ವ ತನ್ನ ಬುಟ್ಟಿಯಿಂದಲೇ ಬಾಳಗೊಂಡಪ್ಪನ ಬೆನ್ನಿಗೆ ಗುದ್ದಿ ಅವನನ್ನು ಆಚೆ ತಳ್ಳಿದಳು. ಅವನು ಎದ್ದು ತಿರುಗಿ ನೋಡುವಷ್ಟರಲ್ಲಿ ಅಲ್ಲಿ ಬರೀ ಮಣ್ಣು. ಜನ ಕೈಯಿಂದಲೇ ಬಗೆಯತೊಡಗಿದರು. ಸಾಹೇಬ ಮೋಡ ನೋಡಿದ. ಬಗೆದರೆ ಏರಿ ಮತ್ತೆ ಬಿರಿಯುತ್ತದೆ, ಮೇಲೆ ಮಣ್ಣು ಸುರಿಯಿರಿ ಎಂದ. ಸುರಿದರು. ಏರಿ ನಿಂತಿತು, ಕೆರೆ ತುಂಬಿತು.

ನೀರು ತುಂಬಿದ ಮೇಲೆ ಸಾಹೇಬನಿಗೆ ಹೆಸರಿನ ಚಪಲ ಹತ್ತಿತು. ಕೆರೆಗೆ ತನ್ನ ಹೆಸರಿಡುವುದು, ಆ ದಿನ ಊರವರ ಬಾಯಿಂದಲೇ ತನ್ನ ಹೊಗಳಿಕೆಯ ಪದ ಹಾಡಿಸುವುದು ಎಂದು ನಿಶ್ಚಯಿಸಿದ. ಸುದ್ದಿ ತಂದವರು ಶಿರಸ್ತೇದಾರ ಶೇಷಗಿರಿರಾಯರು; ಸಾಹೇಬನ ಇಂಗ್ಲಿಷನ್ನು ಊರಿಗೂ ಊರಿನ ಕನ್ನಡವನ್ನು ಸಾಹೇಬನಿಗೂ ದಾಟಿಸುವ ಅಂಬಿಗರು ಅವರೇ. “ಏ ಬಾಳ್ಯಾ, ಸಾಹೇಬರು ಒಬ್ಬರೇ ಈ ಕೆರಿ ಕಟ್ಟಿದರು ಅಂತ ಪದ ಕಟ್ಟು. ಒಬ್ಬರೇ ಅನ್ನೋ ಮಾತು ಪಲ್ಲವಿಯೊಳಗ ಬರಬೇಕು ನೋಡು. ಹಾಡಲಿಲ್ಲೋ, ಡಪ್ಪು ಸರಕಾರದ ಕೋಣಿ ಸೇರತದ, ಈ ಸೀಮಿಯೊಳಗ ಇನ್ನ ಮ್ಯಾಲೆ ಮೇಳ ಕೂಡೂದು ಬಂದ್.”

ಹೊಗಳುವುದು ಬಾಳಗೊಂಡಪ್ಪನಿಗೆ ಹೊಸದಲ್ಲ. ಬೋಳುತಲೆಯ ಗೌಡನನ್ನು ಹುಣ್ಣಿಮೆ ಚಂದ್ರ ಎಂದಿದ್ದ. ಮೆಳ್ಳಗಣ್ಣಿನ ದೇಸಾಯಿಯನ್ನು, ಏಕಕಾಲಕ್ಕೆ ಎರಡು ದಿಕ್ಕು ಕಾಯುವ ವೀರ ಎಂದಿದ್ದ. ಆಗೆಲ್ಲ ಗಂಟಲು ಒಂದಿಷ್ಟೂ ಕೆರೆದಿರಲಿಲ್ಲ. ಆದರೆ ಈ ‘ಒಬ್ಬರೇ’ ಎಂಬ ಮಾತು ಮೀನಿನ ಮುಳ್ಳಿನ ಹಾಗೆ ಅಡ್ಡ ಸಿಕ್ಕಿಕೊಂಡಿತು. ಅದನ್ನು ನುಂಗಿದರೆ ಸಂಕವ್ವನ ಮೇಲೆ ಮತ್ತೊಮ್ಮೆ ಮಣ್ಣು ಸುರಿದಂತೆ, ಈ ಸಲ ತನ್ನ ನಾಲಿಗೆಯಿಂದಲೇ. ಉಗುಳಿದರೆ ಸೀಮೆಯ ಅಷ್ಟೂ ಮೇಳಗಳ ಬಾಯಿ ಕಟ್ಟುತ್ತದೆ. ಎರಡು ದಿನ ಒದ್ದಾಡಿ, ಕೊನೆಗೆ ಅವನು ಯಾರ ಹೊಸ್ತಿಲನ್ನು ಜನ್ಮದಲ್ಲಿ ತುಳಿಯುವುದಿಲ್ಲ ಎಂದಿದ್ದನೋ ಅಲ್ಲಿಗೇ ಹೋದ. ಅದು ನಾಗೇಶಿ ಮೇಳದ ಚಂಪವ್ವನ ಮನೆ.

ಚಂಪವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಮೊರ ನಿಲ್ಲಿಸದೆ, “ಬರ್ರಿ ಅಣ್ಣಾರ. ಇಷ್ಟು ವರ್ಷ ನನ್ನ ಸೋಲಸಾಕ ಬರತಿದ್ದಿರಿ. ಇವತ್ತ ಮಾರಿ ನೋಡಿದರ ಸೋಲಾಕ ಬಂದಂಗ ಕಾಣತೈತಿ,” ಎಂದಳು.

“ಹೌದು ತಂಗಿ, ಸೋಲಾಕ ಬಂದೇನಿ. ನಾ ಆ ಸುಳ್ಳು ಹಾಡತೇನಿ. ನೀ ಎದುರು ಕುಂತು ನನ್ನ ಮುರಿ. ಮಂದಿ ಮುಂದ ನಾ ಬಾಯಿ ಮುಚ್ಚಿಕೊಂಡು ಕಂಬಳಿ ಬಿಟ್ಟು ಏಳತೇನಿ.”

ಸವಾಲಿಗೆ ಜವಾಬು ಕೊಡಲಾಗದವನು ತಾನು ಕೂತ ಕಂಬಳಿಯನ್ನು ಗೆದ್ದವರಿಗೆ ಬಿಟ್ಟು ಬರಿಗಾಲಲ್ಲಿ ಎದ್ದು ಹೋಗಬೇಕು. ಅದು ಆ ಹಾಡುಗಾರಿಕೆಯ ಕಟ್ಟಳೆ. ಚಂಪವ್ವ ಮೊರ ಕೆಳಗಿಟ್ಟಳು. ಬಾಳಗೊಂಡಪ್ಪನ ಕಂಬಳಿಗಾಗಿ ಅವಳು ಹತ್ತು ವರ್ಷ ಹಲ್ಲು ಮಸೆದಿದ್ದಳು. ಈಗ ಅದು ತಾನಾಗಿ ಮಡಿಲಿಗೆ ಬಂದಾಗ ಬೇಡವೆನಿಸಿತು. “ನೀ ಯಾಕ ಸೋಲತಿ? ಸುಳ್ಳು ಯಾರದೋ ಸೋಲೂ ಅವರದು. ಮೊದಲ ಪೆಟ್ಟು ಹಾಕಿದಾಂವನೇ ಮೇಳದ ಮುಂದಾಳು ಹೌದಲ್ಲೋ? ಸವಾಲು ಅವನಿಗೇ ಹೌದಲ್ಲೋ? ಹಂಗಾದರ ಡಪ್ಪು ಒಯ್ದು ಸಾಹೇಬನ ಕೈಯಾಗ ಕೊಡು.”

ಆ ದಿನ ಬಂತು. ರಾತ್ರಿಯ ಹಾಡು ತನ್ನ ನಿದ್ದೆಗೆ ಒಗ್ಗದೆಂದು ಸಾಹೇಬ ಬೆಳಗಿನ ಹೊತ್ತೇ ಗೊತ್ತುಮಾಡಿದ್ದ. ವಿಲಾಯತಿಯಿಂದ ಹಡಗಿನಲ್ಲಿ ಬಂದ ಕಬ್ಬಿಣದ ಕುರ್ಚಿಯನ್ನು ಬಂಡಿಯಲ್ಲಿ ಏರಿಗೆ ತಂದರು. ಅದರ ಭಾರಕ್ಕೆ ಆ ಎತ್ತುಗಳು ಮರುದಿನದಿಂದ ಕುರ್ಚಿ ಕಂಡಲ್ಲೆಲ್ಲ ಮೊಣಕಾಲೂರಿ ಕ್ಷಮೆ ಕೇಳುತ್ತಿದ್ದವಂತೆ. ಸಾಹೇಬ ಕೂತ, ಟಿಪ್ಸಿ ಅವನ ಬೂಟಿನ ಮೇಲೆ ಮಲಗಿತು. ಬಾಳಗೊಂಡಪ್ಪ ಬಾಗಿ ಡಪ್ಪನ್ನು ಮುಂದೆ ಹಿಡಿದು, “ಸಾಹೇಬ್ರ, ಮೊದಲ ಪೆಟ್ಟು ನಿಮ್ಮ ಕೈಲೇ ಬೀಳಲಿ,” ಎಂದ. ಉದ್ಘಾಟನೆ ಎಂದರೆ ಸಾಹೇಬನಿಗೆ ಪ್ರಾಣ. ಸೇತುವೆ, ಬಾವಿ, ಕುದುರೆಲಾಯ ಎಲ್ಲಕ್ಕೂ ಅವನದೇ ಕೈ. ಹಿಗ್ಗಿ ಹೀರೇಕಾಯಿಯಾಗಿ ಡಪ್ಪಿಗೆ ಒಂದು ಬಾರಿಸಿದ. ಏರಿಯ ತುಂಬ ಕೂತಿದ್ದ ಜನ ಒಟ್ಟಿಗೆ ಉಸಿರು ಎಳೆದುಕೊಂಡರು. ಹಾಡಿನ ಹುಚ್ಚಿದ್ದ ರಾಯರಿಗೆ ಕಟ್ಟಳೆ ಗೊತ್ತು. ಅವರ ರುಮಾಲು ತಾನಾಗಿ ಒಂದು ಸುತ್ತು ತಿರುಗಿತು.

ಬಾಳಗೊಂಡಪ್ಪ ಹೇಳಿಕೊಟ್ಟಂತೆಯೇ ಹಾಡಿದ. ‘ಒಬ್ಬರೇ’ ಬಂದಾಗ ಸ್ವರ ಒಡೆಯಿತು. ಸಾಹೇಬ ಅದನ್ನು ಭಕ್ತಿ ಎಂದುಕೊಂಡ. ಆಮೇಲೆ ಚಂಪವ್ವ ಎದ್ದಳು, ಸೆರಗು ಸೊಂಟಕ್ಕೆ ಬಿಗಿದಳು, ಸಾಹೇಬನ ಕಣ್ಣಿಗೆ ಕಣ್ಣಿಟ್ಟು ಎತ್ತಿದಳು:

ಒಬ್ಬರೇ ಕಟ್ಟಿದ ಕೆರಿ ಅಂತೀರಿ, ಒಪ್ಪೇವ್ರಿ ನಿಮ್ಮ ಮಾತಾ
ಏರಿ ಒಳಗ ಬುಟ್ಟಿ ತಬ್ಬಿ ಮಲಗಿದಾಕಿ ಯಾರಂತಾ?
ರೊಟ್ಟಿ ಮುರದು ಕೊಟ್ಟಾಕಿ ಹೆಸರಾ ಹೇಳಿ ಏಳ್ರಿ ಧಣಿಯೇ
ಹೇಳದಿದ್ದರ ಕುಂತ ಜಾಗಾ ಬಿಟ್ಟು ಏಳ್ರಿ ಧಣಿಯೇ!

ಗಾಳಿ ನಿಂತಿತು. ನೀರಿನ ಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ಅಷ್ಟು ಜನರಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಸವಾಲು ಸಾಹೇಬನಿಗೆ ಹಾಕಿದ್ದು. ಬಾಳಗೊಂಡಪ್ಪ ತಲೆ ಎತ್ತದೆ ಏರಿಯ ಮಣ್ಣನ್ನೇ ನೋಡುತ್ತಿದ್ದ. ಏನಂತೆ ಎಂದು ಸಾಹೇಬ ಕೇಳಿದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಆ ಸಂಜೆಯೊಳಗೆ ಚಂಪವ್ವನ ಕೈಗೆ ಬೇಡಿ ಬೀಳುವುದು ರಾಯರಿಗೆ ಗೊತ್ತು. ಕೆರೆಗೆ ಯಾರ ಹೆಸರಿಡಬೇಕೆಂದು ಕೇಳುತ್ತಿದ್ದಾರೆ ಎಂದುಬಿಟ್ಟರು. ಸಾಹೇಬ ಎದೆ ಉಬ್ಬಿಸಿ ತನ್ನದೇ ಹೆಸರನ್ನು ಕೂಗಿದ. ಜವಾಬು ತಪ್ಪಿತು. ಏರಿಯ ಈ ತುದಿಯಿಂದ ಆ ತುದಿಗೆ “ಕಂಬಳಿ ಬಿಡ್ರಿ! ಕಂಬಳಿ ಬಿಡ್ರಿ!” ಎಂಬ ಗದ್ದಲ ಎದ್ದಿತು. ಅದನ್ನು ಜಯಘೋಷ ಎಂದುಕೊಂಡು ಸಾಹೇಬ ಟೋಪಿ ಎತ್ತಿ ಎದ್ದು ನಿಂತ. ಅವನು ಎದ್ದನೋ ಇಲ್ಲವೋ, ಕುರ್ಚಿ ಸೋತ ಕಂಬಳಿಯಾಯಿತು. ಬಂಡಿಗೆ ಏರಿಸಲು ಹಮಾಲರನ್ನು ಕರೆದರೆ, ಗೆದ್ದವರ ಕಂಬಳಿಯನ್ನು ಮುಟ್ಟುವುದುಂಟೇ ಎಂದು ಅವರು ಕೈ ಕಟ್ಟಿ ನಿಂತರು. ಸಾಹೇಬನ ಮುಖ ಕೆಂಪೇರುವುದನ್ನು ಕಂಡ ರಾಯರು ತಮ್ಮ ಜನ್ಮದ ಅತ್ಯುತ್ತಮ ಭಾಷಾಂತರವನ್ನು ಮಾಡಿದರು: ಜನರಿಗೆ ಪ್ರಭುಗಳನ್ನು ಬೀಳ್ಕೊಡಲು ಮನಸ್ಸೇ ಇಲ್ಲ, ನಿತ್ಯದರ್ಶನಕ್ಕೆ ಕುರ್ಚಿಯನ್ನಾದರೂ ಬಿಟ್ಟುಹೋಗಬೇಕೆಂದು ಬೇಡುತ್ತಿದ್ದಾರೆ. ಸಾಹೇಬನ ಕಣ್ಣು ತೇವವಾಯಿತು. ಕರವಸ್ತ್ರದಿಂದ ಮೂಗು ಒರೆಸಿಕೊಂಡು ಕುದುರೆ ಏರಿದ.

ಅವನ ಕುದುರೆಯ ಧೂಳು ಅಡಗಿದ ಮೇಲೆ ಚಂಪವ್ವ ಕುರ್ಚಿಯ ಬಳಿ ಬಂದಳು. ಕೂಡು, ಕೂಡು ಎಂದು ಜನ ಕೂಗಿದರು. “ನನಗ್ಯಾಕ ಈ ಸುಡುಗಾಡು ಕಬ್ಬಿಣ! ನಿಲ್ಲಾಕ ಜಾಗ ಇಲ್ಲದಾಕಿ ಒಬ್ಬಾಕಿ ಅದಾಳ ಒಳಗ, ಆಕಿ ಕೂಡಲಿ,” ಎಂದು ಏರಿಯಿಂದ ಒಂದು ಬೊಗಸೆ ಮಣ್ಣೆತ್ತಿ ಕುರ್ಚಿಗೆ ಹಾಕಿದಳು. ಎರಡನೆಯ ಬೊಗಸೆ ಬಾಳಗೊಂಡಪ್ಪನದು. ಕೆರೆಗೆ ಹೆಸರು ಬಿದ್ದದ್ದು ಅಂದೇ. ಬಾಳಗೊಂಡಪ್ಪ ಆಮೇಲೂ ಹಾಡಿದ, ಗೌಡರನ್ನೂ ಹೊಗಳಿದ. ಆದರೆ ‘ಒಬ್ಬರೇ’ ಎಂಬ ಮಾತನ್ನು ಮತ್ತೆ ಯಾವ ಪದದಲ್ಲೂ ಕಟ್ಟಲಿಲ್ಲ ಎನ್ನುತ್ತಾರೆ.

ಸಾಹೇಬ ತನ್ನ ದೇಶಕ್ಕೆ ಮರಳಿ ದಪ್ಪನೆಯ ನೆನಪಿನ ಪುಸ್ತಕ ಬರೆದ. ಅದರಲ್ಲಿ ಈ ಬೆಳಗು ಒಂದು ಇಡೀ ಅಧ್ಯಾಯ: ಮುಗ್ಧ ಪ್ರಜೆಗಳು, ಕಣ್ಣೀರು, ಪೂಜೆಗೊಳ್ಳುವ ಕುರ್ಚಿ. ಆ ಅಧ್ಯಾಯ ಶಾಲೆಯ ಪುಸ್ತಕಕ್ಕೆ ಪಾಠವಾಗಿ ಇಳಿದು, ಸಾಹೇಬರ ರಾಜ್ಯ ಹೋದ ಮೇಲೂ ಬಹುಕಾಲ ಕೂತೇ ಇತ್ತು. ಮುಗಳಿಕೊಪ್ಪದ ಮಕ್ಕಳು ಬೆಳಿಗ್ಗೆ ಥಾರ್ನ್‌ಬಿಯ ದಯಾಗುಣವನ್ನು ಬಾಯಿಪಾಠ ಒಪ್ಪಿಸಿ, ಸಂಜೆ ಏರಿಯ ಮೇಲೆ ಚಂಪವ್ವನ ಸವಾಲು ಹಾಡುತ್ತಿದ್ದರು. ಪರೀಕ್ಷೆಯಲ್ಲಿ ಎರಡನ್ನೂ ಕಲಸಿ ಬರೆದು ನಪಾಸಾದವರು ಉಂಟು. ಮೊನ್ನೆ ಮೊನ್ನೆ ಒಬ್ಬ ಪ್ರಾಧ್ಯಾಪಕರು ಸಾಹೇಬನ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಬಂದು, ಏರಿಯ ಮೇಲೆ ಕೂತು ಹಾಡನ್ನು ಕೇಳಿಸಿಕೊಂಡರು. ವಸಾಹತುಶಾಹಿಯ ಸಾಹಿತ್ಯದ ಮೇಲೆ ಅವರು ಮೂರು ಸಂಪುಟ ಬರೆದವರು. ಹಾಡು ಮುಗಿದ ಮೇಲೆ ಬಗಲ ಪುಸ್ತಕವನ್ನು ತೆಗೆದು ತಿರುವಿ, “ಈ ಪುಸ್ತಕದಲ್ಲಿ ಆ ನಾಯಿಯ ಹೆಸರು ಪುಟಪುಟಕ್ಕೂ ಇದೆ. ಮಣ್ಣು ಹೊತ್ತ ಒಬ್ಬರ ಹೆಸರೂ ಇಲ್ಲ,” ಎಂದರು. ಹೋಗುವಾಗ ತಾವೂ ಒಂದು ಬೊಗಸೆ ಮಣ್ಣು ಹಾಕಿದರು.

ಇಂದಿಗೂ ಅಲ್ಲಿಗೆ ಹೋದವರು ಕಾಣುವುದು ಇದೇ. ಹೊಸ ಅಧಿಕಾರಿಗಳು, ಶಾಸಕರು ಬರುತ್ತಾರೆ. ಸಿಂಹದ ಮೂತಿಯ ಕುರ್ಚಿ ಕಂಡು ಕೆಲವರಿಗೆ ಕೂರಲು ಮೈ ತುರಿಸುತ್ತದೆ. “ಕೂಡ್ರಿ ಸಾಹೇಬ್ರ, ಆದರ ಜವಾಬು ಹೇಳಿ ಏಳ್ರಿ,” ಎಂದು ಊರವರು ಕೈ ಮುಗಿದರೆ, ಫೋಟೊ ತೆಗೆಸಿಕೊಂಡು ನಿಂತಲ್ಲಿಂದಲೇ ಹೊರಡುತ್ತಾರೆ. ಗರಿಕೆ ಬೇಸಿಗೆಯಲ್ಲೂ ಬಾಡುವುದಿಲ್ಲ.

ಮೊದಲು ಇಟ್ಟ ಆಣೆ ಆಣೆಯೇ. ಮೀನು ನೆಗೆದದ್ದು ನಿಜ, ಎತ್ತು ಕ್ಷಮೆ ಕೇಳಿದ್ದು ನಿಜ, ರುಮಾಲು ತಿರುಗಿದ್ದು ಕಣ್ಣಾರೆ ಕಂಡವರು ಹೇಳಿದ ಮಾತು. ಕಟ್ಟಿ ಸೇರಿಸಿದ್ದು ಒಂದೇ ಒಂದು ಸಣ್ಣ ಸಂಗತಿ: ಸಂಕವ್ವ ಎಂಬ ಹೆಸರು. ಅವಳ ಹೆಸರು ಸಾಹೇಬನ ಪುಸ್ತಕದಲ್ಲಿಲ್ಲ, ಚಂಪವ್ವನ ಹಾಡಿನಲ್ಲೂ ಇಲ್ಲ. ದಿನವೂ ಅವಳ ರೊಟ್ಟಿ ತಿಂದ ಬಾಳಗೊಂಡಪ್ಪ ಒಂದು ದಿನವೂ ಅದನ್ನು ಕೇಳಿರಲಿಲ್ಲ. ಅಂದು ಏರಿಯ ಮೇಲೆ ಅಷ್ಟು ಜನ ತುಟಿ ಬಿಚ್ಚದೆ ಕೂತದ್ದು, ಅವನು ತಲೆ ಎತ್ತದೆ ಇದ್ದದ್ದು ಅದಕ್ಕೇ. ಹೊಳೆಯಾಚೆಯವರು ಯಾರಾದರೂ ಬಲ್ಲವರಿದ್ದರೆ ಬಂದು ಆ ಹೆಸರು ಹೇಳಲಿ. ಕುರ್ಚಿ ಅವರಿಗಾಗಿಯೇ ಖಾಲಿ ಇದೆ.