ಸವೆದ ಹೊಸ್ತಿಲು

ಅಮೆರಿಕದ ಬಂದರೂರೊಂದರಲ್ಲಿ, ಎಂದೋ ಕಾಲವಾದ ವರ್ತಕ ಮುತ್ಸದ್ದಿಯೊಬ್ಬರ ಮನೆ ಮ್ಯೂಸಿಯಂ ಆಯಿತು. ಮನೆಗೆ ಅವರ ಕಾಲದ ರೂಪ ಕೊಡಲು ಬಂದ ಬಡಗಿ, ಸವೆದ ಹೊಸ್ತಿಲನ್ನು ಕೀಳಲು ಗುರುತು ಹಾಕಿದ.

"ಕುರ್ಚಿರಾಯರೇ, ನೀವಾದರೂ ಒಂದು ಮಾತು ಹೇಳಿ," ಎಂದಿತು ಹೊಸ್ತಿಲು, ಪಡಸಾಲೆಯಲ್ಲಿದ್ದ ಹಳೆಯ ಕುರ್ಚಿಗೆ. "ಈ ಗುಳಿ ಬಿದ್ದದ್ದು ಯಜಮಾನರ ಕಾಲಿನಿಂದ. ನಲವತ್ತು ವರ್ಷ ಹಡಗುಕಟ್ಟೆಯಿಂದ ಬಂದು ಇಲ್ಲೇ ಬೂಟಿನ ಕೆಸರು ಒರೆಸಿದರು. ಶಾಸನಸಭೆಗೆ ಹೊರಟ ದಿನ ಇಲ್ಲೇ ನಿಂತು ಮನೆಯನ್ನೊಮ್ಮೆ ತಿರುಗಿ ನೋಡಿದರು."

ಕುರ್ಚಿ ಹರಾಜಿನಲ್ಲಿ ಬಂದದ್ದು; ಯಜಮಾನರನ್ನು ಕಂಡೇ ಇರಲಿಲ್ಲ. ಆದರೂ ಅದು ಯಜಮಾನರದೇ ಎಂಬಂತೆ, ಯಾರೂ ಕೂರದ ಹಾಗೆ ಅದರ ಸುತ್ತ ಮಖಮಲ್ಲಿನ ಹಗ್ಗವಿತ್ತು.

"ಬಾಯಿಬಿಟ್ಟರೆ ನನ್ನ ಊರು ಕೇಳುತ್ತಾರಮ್ಮ. ಹಗ್ಗ ಬಿಚ್ಚುತ್ತಾರೆ, ಜನ ಕೂರುತ್ತಾರೆ."

"ಕುರ್ಚಿಗೆ ಅದೇನು ಅವಮಾನ?"

ಬಡಗಿ ಹೊಸ್ತಿಲನ್ನು ಕಿತ್ತು, ಯಾರೂ ತುಳಿಯದ ಹಲಗೆಯೊಂದನ್ನು ಕೂರಿಸಿ ಹೇಳಿದ: "ಈಗ ನೋಡಿ, ಥೇಟ್ ಅವರ ಕಾಲದ ಮನೆ!"