ಅಜ್ಜನವರು ಒಪ್ಪದ ನಮಸ್ಕಾರ

ಬೆಣ್ಣೆಹಳ್ಳದ ದಂಡೆಯ ಆ ಪುಟ್ಟ ಮಠಕ್ಕೆ ಗೋಪುರವಿರಲಿಲ್ಲ, ಕಮಾನಿರಲಿಲ್ಲ. ಸಗಣಿ ಸಾರಿಸಿದ ನೆಲ, ಒಂದು ಬೇವಿನ ಮರ, ಅಷ್ಟೇ. ಪೂಜ್ಯ ಹಂಪಯ್ಯಜ್ಜನವರು ಮಧ್ಯಾಹ್ನದ ಪ್ರಸಾದ ಮುಗಿಸಿ, ಆ ಬೇವಿನ ನೆರಳಿನಲ್ಲಿ ಹರಕು ಚಾಪೆಯ ಮೇಲೆ ಕುಳಿತು ದೀಪದ ಬತ್ತಿ ಹೊಸೆಯುತ್ತಿದ್ದರು. ಯಾರೇ ಬಂದು ಕೈಮುಗಿಯಲಿ, ಅಜ್ಜನವರು ಬತ್ತಿ ಕೆಳಗಿಟ್ಟು ತಾವೂ ಕೈಮುಗಿಯುತ್ತಿದ್ದರು. ಸಾಹುಕಾರನಿಗೂ ಅಷ್ಟೇ, ಕಸ ಗುಡಿಸುವವಳಿಗೂ ಅಷ್ಟೇ. ಈ ರೂಢಿ ತಪ್ಪಿದ್ದು ಒಂದೇ ಒಂದು ಸಲ.

ಅಂದು ಫಕೀರವ್ವ ಏಳು ತಿಂಗಳ ಮೊಮ್ಮಗಳನ್ನು ಎದೆಗವಚಿಕೊಂಡು ಬಂದಳು. ಹಿಂದೆ ಸೊಸೆ ಶಕುಂತಲಾ, ತಲೆ ತಗ್ಗಿಸಿಕೊಂಡು. ಕೂಸು ಶಿವಲೀಲಾ ಒಂದು ತಿಂಗಳಿಂದ, ನಿದ್ದೆ ತಿಳಿದೆದ್ದಾಗಲೆಲ್ಲ, ತಲೆ ಬಾಗಿಸಿ ಎರಡೂ ಕೈ ಮೇಲೆತ್ತಿ ಮತ್ತೆ ಮತ್ತೆ ನಮಸ್ಕಾರ ಮಾಡುತ್ತಿತ್ತು. ತೊಡೆಯ ಮೇಲೆ ಬಿಲ್ವದ ಎಲೆಯಂಥ ಬಿಳಿ ಮಚ್ಚೆ ಬೇರೆ. ಓಣಿಯ ಹೆಂಗಸರು ಬಂದು ಕಾಯಿ ಒಡೆದು ಹೋಗಿದ್ದರು. ಶಿವನೇ ಮನೆಗೆ ಬಂದನೆಂದು ಫಕೀರವ್ವ ಹಿಗ್ಗಿ ಹೀರೇಕಾಯಿಯಾಗಿದ್ದಳು. ದವಾಖಾನೆಗೆ ತೋರಿಸೋಣವೆಂದ ಸೊಸೆಗೆ, "ದೇವರಿಗೆ ಔಷಧ ಕುಡಸ್ತಿಯೇನ?" ಎಂದು ಬಾಯಿ ಮುಚ್ಚಿಸಿದ್ದಳು. ಪಾಪ, ಕೆಟ್ಟವಳೇನಲ್ಲ. ಊರೂರ ದೇವರಿಗೆ ಹರಕೆ ಹೊತ್ತು ಕಂಡ ಮೊಮ್ಮಗಳು ಅದು.

ಬಿಸಿಲು ತೂಕಡಿಸುತ್ತಿತ್ತು. ಹತ್ತಿಯ ಎಳೆಗಳು ಗಾಳಿಯಲ್ಲಿ ಮೆಲ್ಲಗೆ ತೇಲುತ್ತಿದ್ದವು. ತಾನು ಮಠದಲ್ಲಿದ್ದೇನೋ, ಕನಸಿನಲ್ಲಿದ್ದೇನೋ ಫಕೀರವ್ವನಿಗೆ ತಿಳಿಯದಂತಾಯಿತು. ಮಡಿಲಲ್ಲಿ ಕೂಸು ಕಣ್ಣು ಬಿಟ್ಟಿತು. ತಲೆ ಬಾಗಿತು, ಕೈಗಳು ಎದ್ದವು, ಇಳಿದವು, ಮತ್ತೆ ಎದ್ದವು.

"ನೋಡ್ರಿ ಅಜ್ಜಾರ, ನಿಮಗ ಶರಣು ಮಾಡಾಕತ್ತೈತಿ."

ಅವಳು ಅಜ್ಜನವರ ಕೈಗಳನ್ನೇ ನೋಡುತ್ತ ಕುಳಿತಳು. ಆ ಕೈಗಳು ಏಳಲಿಲ್ಲ. ಅರ್ಧ ಹೊಸೆದ ಬತ್ತಿ ಬೆರಳಲ್ಲಿ ಹಾಗೇ ಉಳಿದಿತ್ತು. ಏಳು ತಿಂಗಳ ಕೂಸು ಅವರಿಗೆ ಏನು ತಪ್ಪು ಮಾಡಿತ್ತು?

ಬಾಗುವುದು ನಿಂತ ಕೂಡಲೇ ಕೂಸು ಕಿರಿಚಿ ಅತ್ತಿತು. ಅಜ್ಜನವರು ಸರಿದು ಬಂದು, ಅದರ ಮುಖದ ಹತ್ತಿರ ಮುಖ ತಂದು, ನಾಲಗೆಯಿಂದ ಟಕ್ ಟಕ್ ಸದ್ದು ಮಾಡಿದರು. ಕೂಸಿನ ನೋಟ ಅವರನ್ನು ದಾಟಿ ಎತ್ತಲೋ ಇತ್ತು.

"ಕೂಸು ನಗತೈತೇನವಾ?" ಅವರು ಕೇಳಿದ್ದು ಸೊಸೆಯನ್ನು.

"ಮೊದಲ ನಗತಿತ್ರಿ ಅಜ್ಜಾರ," ಎಂದಳು ಶಕುಂತಲಾ. "ಈಗ ನನ್ನ ಗುರುತೂ ಹಿಡಿಯೂದಿಲ್ರಿ. ತಿಂಗಳಾತು."

ಅಜ್ಜನವರು ಅತ್ತೆಯ ಕಡೆ ತಿರುಗಿದರು.

"ಫಕೀರವ್ವ, ಇದು ನಮಸ್ಕಾರ ಅಲ್ಲ, ಬ್ಯಾನಿ. ಇದನ್ನ ನಾ ತಗೊಂಡ್ರ ಶಿವ ನನ್ನ ಮುಖ ನೋಡೂದಿಲ್ಲ. ಈಗಿಂದೀಗ ಹುಬ್ಬಳ್ಳಿಗೆ ನಡೀರಿ."

ಹೆಗಲ ಮೇಲಿನ ಶಾಲು ತೆಗೆದು ಕೂಸಿಗೆ ಹೊದಿಸಿ, ಬರಿಗಾಲಲ್ಲೇ ಬಂದು ಅವರನ್ನು ಬಸ್ಸು ಹತ್ತಿಸಿದರು.

ದೊಡ್ಡ ದವಾಖಾನೆಯ ಡಾಕ್ಟರು ನೀಲಿ ದೀಪ ಹಿಡಿದು ಮಚ್ಚೆ ನೋಡಿದರು, ತಲೆಯ ಸ್ಕ್ಯಾನ್ ಮಾಡಿಸಿದರು. ಜೀನಿನಲ್ಲೇ ಬಂದ ಅಪರೂಪದ ಕಾಯಿಲೆಯೆಂದರು. ಆ ನಮಸ್ಕಾರಗಳೆಲ್ಲ ಫಿಟ್ಸ್. ಬಿಳಿ ಮಚ್ಚೆ ಅದೇ ಕಾಯಿಲೆಯ ಗುರುತು. ಮಿದುಳಿನಲ್ಲಿ ಸಣ್ಣ ಗಡ್ಡೆಗಳಿದ್ದವು. ಮುಂದೆ ಮೂತ್ರಪಿಂಡದಲ್ಲೂ ಬೆಳೆಯಬಹುದು, ಜೀವನವಿಡೀ ಕಣ್ಣಿಟ್ಟಿರಬೇಕು ಎಂದರು. ಯಾರ ತಪ್ಪೂ ಅಲ್ಲ, ಆದರೆ ಒಂದೊಂದು ದಿನ ತಡವಾದಷ್ಟೂ ಕೂಸಿನ ಬುದ್ಧಿಗೆ ಪೆಟ್ಟು ಎಂದರು. ಫಕೀರವ್ವ ದವಾಖಾನೆಯ ಪಡಸಾಲೆಯಲ್ಲೇ ಎಲ್ಲರೆದುರು ಸೊಸೆಯ ಕೈ ಹಿಡಿದು, "ನಿನ್ನ ಮಾತು ಕೇಳಲಿಲ್ಲವಾ, ನಾ ಪಾಪಿ" ಎಂದು ಅತ್ತಳು.

ಔಷಧ ಹತ್ತಿತು. ದಿನಾ ನಿದ್ದೆ ತಿಳಿಯುವ ಹೊತ್ತಿಗೆ ಫಕೀರವ್ವ ತೊಟ್ಟಿಲ ಪಕ್ಕ ಕುಳಿತು ಆ ಪುಟ್ಟ ಕೈಗಳನ್ನು ಕಾಯುತ್ತಿದ್ದಳು. ಏಳದಿರಲಪ್ಪಾ ಎಂದು ಶಿವನನ್ನು ಬೇಡುತ್ತಿದ್ದಳು. ಬರಬರುತ್ತ ಕಡಿಮೆಯಾಗಿ, ಕೊನೆಗೆ ಇಡೀ ಒಂದು ವಾರ ಅವು ಏಳಲೇ ಇಲ್ಲ.

ದೀಪಾವಳಿ ಕಳೆದ ಮೇಲೆ ಮೂವರೂ ಮಠಕ್ಕೆ ಬಂದರು. ಅದೇ ಬೇವಿನ ನೆರಳು, ಅದೇ ಚಾಪೆ. ಫಕೀರವ್ವ ಕೂಸನ್ನು ಅಜ್ಜನವರ ಮುಂದೆ ಕೂರಿಸಿದಳು. ಕೈಮುಗಿ ಎಂದು ಹೇಳಿಕೊಡಲಿಲ್ಲ. ಕೂಸು ಹತ್ತಿಯನ್ನೆಲ್ಲ ಕಿತ್ತು ಚೆಲ್ಲಿತು. ಅಜ್ಜನವರ ಗಡ್ಡ ಹಿಡಿದು ಜಗ್ಗಿ, ಅವರ ಕಣ್ಣಲ್ಲಿ ಕಣ್ಣಿಟ್ಟು ನಕ್ಕಿತು.

ಅಜ್ಜನವರು ಬತ್ತಿ ಕೆಳಗಿಟ್ಟು ಎರಡೂ ಕೈ ಮುಗಿದರು.