ತಂಡದ ಮಾಲೀಕ ಮೊಸರು ಮಾಡಿದ್ದು

ನದಿಯ ದಂಡೆಯಲ್ಲೊಂದು ಆಶ್ರಮ. ಅಲ್ಲಿನ ಗುರುಗಳು ಹೆಚ್ಚು ಮಾತಾಡುವವರಲ್ಲ. ಶಿಷ್ಯರು ಅಷ್ಟೊಂದು ಇರುವುದು ಅದಕ್ಕೇ ಎನ್ನುವವರೂ ಇದ್ದರು.

ಶಿಷ್ಯರಲ್ಲೊಬ್ಬ ನಿರಂಜನಪ್ಪ, ಪೈಪು ಫ್ಯಾಕ್ಟರಿಯ ಧಣಿ. ಊರಿನ ಹಳೆಯ ಫುಟ್‌ಬಾಲ್ ತಂಡವೊಂದನ್ನು ಕೊಂಡಿದ್ದ. ಕೊಂಡಂದಿನಿಂದ ತಂಡ ಸೋಲುತ್ತಲೇ ಇತ್ತು.

ಒಂದು ಬೆಳಗ್ಗೆ ಬಂದು ಗುರುಗಳ ಕಾಲಿಗೆ ಬಿದ್ದ.

"ಗುರುಗಳೇ, ಭಾನುವಾರ ಕೊನೇ ಪಂದ್ಯ. ಸೋತರೆ ತಂಡ ಕೆಳಗಿನ ದರ್ಜೆಗೆ ಬೀಳುತ್ತೆ. ಅಷ್ಟರೊಳಗೆ ಕೋಚನ್ನ ತೆಗೆದುಬಿಡಬೇಕು ಅಂತಿದ್ದೀನಿ. ಆಶೀರ್ವಾದ ಮಾಡಿ."

"ಇವನು ಎಷ್ಟನೆಯವನು?"

"ಈ ವರ್ಷಕ್ಕೆ ಮೂರನೆಯವನು."

"ಏನು ತಪ್ಪು ಮಾಡಿದ?"

"ಹೇಳಿದ ಮಾತು ಕೇಳಲ್ಲ. ಹೋದ ಪಂದ್ಯದಲ್ಲಿ, ಗೋಲ್‌ಕೀಪರನ್ನ ಬದಲಾಯಿಸು ಅಂತ ಗ್ಯಾಲರಿಯಿಂದ ಫೋನ್ ಮಾಡಿದೆ. ಎತ್ತಲೇ ಇಲ್ಲ."

"ಗೋಲ್‌ಕೀಪರ್ ಏನು ಮಾಡ್ತಿದ್ದ?"

"ಏನೂ ಮಾಡ್ತಿರಲಿಲ್ಲ. ಸುಮ್ಮನೆ ನಿಂತಿದ್ದ."

"ಚೆಂಡು ಎಲ್ಲಿತ್ತು?"

ನಿರಂಜನಪ್ಪ ಯೋಚಿಸಿದ.

"ಆ ಕಡೆ ತುದಿಯಲ್ಲಿತ್ತು."

"ಆಟಗಾರರನ್ನ ಆರಿಸೋದು ಕೋಚೇ ತಾನೆ?"

"ಇಲ್ಲ, ನಮ್ಮ ಆಫೀಸು. ನನ್ನ ಭಾವಮೈದುನ ನೋಡ್ಕೊಳ್ತಾನೆ."

"ಅವನು ಆಡಿದವನೋ?"

"ಕೇರಂ ಚೆನ್ನಾಗಿ ಆಡ್ತಾನೆ."

ಗುರುಗಳು ಅಡುಗೆಮನೆಯ ಕಡೆ ತಿರುಗಿದರು.

"ಇವತ್ತು ಇಲ್ಲೇ ಇರು. ಸಂಜೆ ಎಲ್ಲರಿಗೂ ಮೊಸರವಲಕ್ಕಿ. ಹಾಲಿಗೆ ಹೆಪ್ಪು ನೀನು ಹಾಕು. ಮೊಸರಾದ ಮೇಲೆ ಕೋಚ್ ವಿಷಯ ಮಾತಾಡೋಣ."

ಅಡುಗೆಮನೆಯ ಭಾಗೀರಥಮ್ಮ ಉಗುರುಬೆಚ್ಚಗಿನ ಹಾಲು ಕೊಟ್ಟಳು. ನಿರಂಜನಪ್ಪ ಹೆಪ್ಪು ಹಾಕಿದ, ತಟ್ಟೆ ಮುಚ್ಚಿದ, ಅದರ ಎದುರಿಗೇ ಕೂತ.

ಸ್ವಲ್ಪ ಹೊತ್ತಿಗೆ ತಟ್ಟೆ ಎತ್ತಿ ನೋಡಿದ. ಹಾಲು ಹಾಲಾಗಿಯೇ ಇತ್ತು. ಇನ್ನಷ್ಟು ಹೆಪ್ಪು ಹಾಕಿ ಕದಡಿದ.

"ಏನ್ರೀ ಸಾಹುಕಾರ್ರೇ, ಹಾಲು ಎದ್ದು ಓಡಿಹೋಗುತ್ತೆ ಅಂತ ಕಾವಲು ಕೂತಿದ್ದೀರಾ?" ಎಂದಳು ಭಾಗೀರಥಮ್ಮ.

"ಉಸ್ತುವಾರಿ ಅಂತ ಒಂದು ಇರಬೇಕಲ್ಲಮ್ಮ."

ಮತ್ತೆ ಎತ್ತಿ, ಪಾತ್ರೆ ಓರೆ ಮಾಡಿ ನೋಡಿದ. ಒಲೆಯ ಪಕ್ಕಕ್ಕಿಟ್ಟ. ಕಾವು ಜಾಸ್ತಿಯಾಯಿತೆಂದು ಕಿಟಕಿಗೆ ಒಯ್ದ. ಭಾವಮೈದುನನಿಗೆ ಫೋನ್ ಮಾಡಿದ. ಒಣಮೆಣಸಿನಕಾಯಿಯ ತೊಟ್ಟು ಹಾಕಿದರೆ ಬೇಗ ಗಟ್ಟಿಯಾಗುತ್ತದೆಂದು ಅವನು ಎಲ್ಲೋ ಓದಿದ್ದನಂತೆ. ಅದನ್ನೂ ಹಾಕಿದ್ದಾಯಿತು.

ಆಮೇಲೆ ಪಾತ್ರೆಯ ಮೇಲೇ ಅನುಮಾನ ಬಂತು. ತಾನು ಆಶ್ರಮಕ್ಕೆ ದಾನ ಕೊಟ್ಟಿದ್ದ ಬೆಳ್ಳಿಯ ಪಾತ್ರೆ ಹುಡುಕಿ ತೆಗೆದು, ಎಲ್ಲವನ್ನೂ ಅದಕ್ಕೆ ಸುರಿದ. ಅದರ ಮೇಲೆ ತನ್ನ ಹೆಸರು ಕೆತ್ತಿಸಿದ್ದ.

ಸಂಜೆ ಗುರುಗಳು ಬಂದು ತಟ್ಟೆ ಎತ್ತಿದರು. ಮೇಲೆ ನೀರು, ಕೆಳಗೆ ಗಂಟು. ಮೆಣಸಿನಕಾಯಿಯ ತೊಟ್ಟು ತೇಲುತ್ತಿತ್ತು.

ಶಿಷ್ಯರೆಲ್ಲ ಅವಲಕ್ಕಿಯನ್ನು ಬೆಲ್ಲದ ಜೊತೆ ತಿಂದರು.

"ಯಾಕೆ ಹೀಗಾಯ್ತು?" ಎಂದು ಕೇಳಿದರು ಗುರುಗಳು.

"ಹಾಲೇ ಸರಿಯಿಲ್ಲ ಗುರುಗಳೇ. ಈ ಹಸು ಮಾರಿಬಿಡಿ. ಗುಜರಾತಿನಿಂದ ಗಿರ್ ಹಸು ನಾನೇ ತರಿಸಿಕೊಡ್ತೀನಿ."

ಭಾಗೀರಥಮ್ಮ ಒಳಗೆ ಹೋಗಿ ನಕ್ಕಳು. ಹೊರಗೂ ಕೇಳಿಸಿತು.

ನಿರಂಜನಪ್ಪ ಪಾತ್ರೆ ನೋಡಿದ. ತೇಲುತ್ತಿದ್ದ ತೊಟ್ಟನ್ನು ಬೆರಳಲ್ಲಿ ಎತ್ತಿ ಹೊರಗಿಟ್ಟ. ಕಿವಿ ಕೆಂಪಾಯಿತು.

"ಹಾಗಾದ್ರೆ ಕೋಚನ್ನ ಇಟ್ಕೊಳ್ಳಲಾ?"

"ಇಟ್ಕೋ."

"ಪಂದ್ಯದ ಮಧ್ಯೆ ಫೋನ್ ಮಾಡಬಾರದು ಅಂತೀರಾ?"

"ಮಾಡದೆ ಇರ್ತೀಯಾ?"

ನಿರಂಜನಪ್ಪ ಗುರುಗಳ ಎದುರು ಸುಳ್ಳು ಹೇಳುವವನಲ್ಲ.

"ಗ್ಯಾಲರಿಯಲ್ಲಿ ಕೂತರೆ ಆಗಲ್ಲ ಗುರುಗಳೇ."

ಗುರುಗಳು ಬೆಳ್ಳಿಯ ಪಾತ್ರೆಯನ್ನು ತೊಳೆಯಲು ಅವನ ಕೈಗೇ ಕೊಟ್ಟರು.

"ಭಾನುವಾರ ಫೋನ್ ಮನೇಲಿಟ್ಟು ಇಲ್ಲಿಗೆ ಬಾ. ಇನ್ನೊಂದು ಪಾತ್ರೆ ಹಾಲು ಕೆಟ್ಟರೆ ಆಶ್ರಮ ತಡ್ಕೊಳ್ಳುತ್ತೆ."